ಏಳು ಹಿಂದೆ, ಹನ್ನೊಂದು ಮುಂದೆ

ಬೆಳಿಗ್ಗೆ ಹಾಲು ತರಲು ಗೇಟು ತೆರೆದರೆ ರಸ್ತೆಯ ಎರಡೂ ಅಂಚಿಗೆ ಬಿಳಿ ಪುಡಿಯ ಗೆರೆ ಎಳೆದಿದ್ದರು. ನಮ್ಮ ಜೆ.ಪಿ. ನಗರದ ಬೀದಿಗೆ ಯಾರೋ ದೊಡ್ಡವರು ಬರುತ್ತಾರೆಂದರೆ ಹೀಗೆಯೇ. ಗುಂಡಿ ಮುಚ್ಚುವುದಿಲ್ಲ, ಗುಂಡಿಯ ಸುತ್ತ ಸುಣ್ಣ ಹಾಕುತ್ತಾರೆ. ಆ ಘಾಟು ಮೂಗಿಗೆ ಹೊಡೆದದ್ದೇ ತಡ, ಕಾಲು ಮುಂದೆ ಹೋಗಲಿಲ್ಲ. ಕಾಲೇಜಿನಲ್ಲಿ ನಮ್ಮ ಪಿ.ಟಿ. ಸಾರ್ ಹತ್ತಿರ ಬಂದರೆ ಇದೇ ವಾಸನೆ ಬರುತ್ತಿತ್ತು.

ವಾಲಿಬಾಲ್ ಅಂಕಣದ ಗೆರೆಗಳನ್ನು ಅವರೇ ಎಳೆಯುತ್ತಿದ್ದರು. ಅದಕ್ಕೊಬ್ಬ ಅಟೆಂಡರ್ ಇದ್ದ, ಆದರೆ ಅವನು ಎಳೆದದ್ದೆಲ್ಲ ಸೊಟ್ಟ ಎಂದು ಇವರ ತಕರಾರು. ಬೆಳಿಗ್ಗೆ ಆರಕ್ಕೆಲ್ಲ ಜಯನಗರದ ಪಕ್ಕದ ಸಿದ್ದಾಪುರದಿಂದ ಬಂದು, ತಳಕ್ಕೆ ಮೊಳೆಯಿಂದ ತೂತು ಹೊಡೆದ ಡಬ್ಬಿಗೆ ಸುಣ್ಣದ ಪುಡಿ ತುಂಬಿ, ಹಗ್ಗ ಕಟ್ಟಿ ಗೆರೆ ಬಿಡುತ್ತಿದ್ದರು. ಐವತ್ತರ ಹತ್ತಿರದ ಮನುಷ್ಯ. ಹದಿನಾಲ್ಕು ವರ್ಷದಿಂದ ಅಲ್ಲಿ ತಾತ್ಕಾಲಿಕ. ಪ್ರತಿ ಜೂನ್‌ನಲ್ಲಿ ಮತ್ತೆ ಅರ್ಜಿ, ಮತ್ತೆ ಆಫೀಸಿನ ಮುಂದೆ ಕೈಕಟ್ಟಿ ನಿಲ್ಲುವುದು. ನಮ್ಮನ್ನು ಎಂದೂ ಹೆಸರು ಹಿಡಿದು ಕರೆದವರಲ್ಲ, ಜೆರ್ಸಿಯ ನಂಬರೇ ಹೆಸರು. ನಾನು ಏಳು. ತಂಡದ ಕ್ಯಾಪ್ಟನ್ನೂ ನಾನೇ.

ಆ ವರ್ಷ ಪ್ರಿನ್ಸಿಪಾಲರು ಒಂದು ಮಾತು ಕೊಟ್ಟಿದ್ದರು. ತಂಡ ಅಂತರ ಕಾಲೇಜು ಫೈನಲ್ ತಲುಪಿದರೆ ಪಿ.ಟಿ. ಸಾರ್ ಅವರನ್ನು ಖಾಯಂ ಮಾಡಲು ಶಿಫಾರಸು ಮಾಡುತ್ತೇನೆ ಎಂದು. ಅದನ್ನು ಸಾರ್ ನಮಗೆ ಹೇಳಲಿಲ್ಲ, ಅಟೆಂಡರ್ ಹೇಳಿದ. ಕೇಳಿಸಿಕೊಂಡೂ ನಾವು ಲೀಗ್‌ನ ಮೊದಲ ಎರಡು ಪಂದ್ಯ ಸೋತೆವು, ಅದೂ ಮಾನಗೆಟ್ಟ ಸೋಲು, ಅರ್ಧ ಸರ್ವ್‌ಗಳು ನೆಟ್ಟಿಗೇ ಹೋದವು. ಸಾರ್ ಬೈಯಲಿಲ್ಲ. ಬಿಟಿಎಂ ಲೇಔಟಿನ ಪಿ.ಜಿ.ಯಲ್ಲಿದ್ದ ನಮ್ಮ ಕಾಲೇಜಿನದೇ ಒಬ್ಬ ಸಣಕಲು ಉದ್ದನೆಯ ಹುಡುಗನನ್ನು ಕರೆತಂದು ಹನ್ನೊಂದನೇ ನಂಬರ್ ಕೊಟ್ಟು ನೆಟ್ಟಿನ ಮುಂದೆ ನಿಲ್ಲಿಸಿದರು. ಅಲ್ಲಿಂದ ಗೆಲುವೋ ಗೆಲುವು. ಗೆದ್ದದ್ದೆಲ್ಲ ನನ್ನ ಸ್ಮ್ಯಾಷ್‌ನಿಂದ ಎಂದು ನನ್ನ ತಲೆಗೆ ಏರಿತು. ಅಪ್ಪನಿಗೆ ಕಾಲೇಜಿನ ಕಮಿಟಿಯವರೆಲ್ಲ ಪರಿಚಯ, ಹಾಗಾಗಿ ಇಳಿಸುವವರೂ ಯಾರೂ ಇರಲಿಲ್ಲ.

ವಾಲಿಬಾಲ್‌ನಲ್ಲಿ ಪ್ರತಿ ಸೆಟ್‌ಗೂ ಮೊದಲು ಒಂದು ಚೀಟಿ ಕೊಡಬೇಕು. ಆರು ಜನ ಯಾವ ಯಾವ ಜಾಗದಲ್ಲಿ ನಿಲ್ಲುತ್ತಾರೆ, ಯಾರ ನಂತರ ಯಾರು ಸರ್ವ್ ಮಾಡುತ್ತಾರೆ ಎಂಬ ಲೆಕ್ಕ ಅದು. ಕೊಟ್ಟ ಮೇಲೆ ಮುಗಿಯಿತು, ಹಾಗೆಯೇ ನಿಲ್ಲಬೇಕು, ಸರ್ವ್ ನಮ್ಮ ಕೈಗೆ ಬಂದಾಗಲೆಲ್ಲ ಎಲ್ಲರೂ ಒಂದೊಂದು ಜಾಗ ಸರಿಯಬೇಕು, ಸರದಿ ತಪ್ಪಿದರೆ ಪಾಯಿಂಟ್ ಎದುರಾಳಿಗೆ. ಚೀಟಿ ಬರೆಯಬೇಕಾದವರು ಸಾರ್. ಆದರೆ ಅವರಿಗೆ ಹತ್ತಿರದ ಅಕ್ಷರ ಕಾಣುತ್ತಿರಲಿಲ್ಲ. ಕನ್ನಡಕ ಹಾಕಿಕೊಂಡು ಓಡಾಡಿದರೆ ವಯಸ್ಸಾಯಿತೆಂದು ಮನೆಗೆ ಕಳಿಸುತ್ತಾರೆ ಎಂಬ ಭಯ. ಅದಕ್ಕೇ ಅವರು ನಂಬರ್‌ಗಳನ್ನು ಮಗ್ಗಿಯ ಹಾಗೆ ಬಾಯಲ್ಲಿ ಹೇಳುತ್ತಿದ್ದರು, ನಾನು ಬರೆಯುತ್ತಿದ್ದೆ, ಅವರು ಓದದೆ ಸಹಿ ಹಾಕುತ್ತಿದ್ದರು. ಇದು ಗೊತ್ತಿದ್ದದ್ದು ನನಗೊಬ್ಬನಿಗೇ.

ಸೆಮಿಫೈನಲ್‌ನ ದಿನ ಎರಡೆರಡು ಸೆಟ್ ಸಮವಾಯಿತು. ಉಳಿದದ್ದು ಹದಿನೈದು ಪಾಯಿಂಟಿನ ಕೊನೆಯ ಸೆಟ್. ಯೂನಿವರ್ಸಿಟಿ ತಂಡಕ್ಕೆ ಆಟಗಾರರನ್ನು ಆರಿಸುವ ಇಬ್ಬರು ಮರದ ಕೆಳಗೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಸಾರ್ ಎಂದಿನಂತೆ ಸರದಿ ಹೇಳಿದರು. ಏಳು ಹಿಂದೆ, ಮೊದಲ ಸರ್ವ್‌ಗೆ. ಹನ್ನೊಂದು ಮುಂದೆ, ನೆಟ್ಟಿಗೆ. ಹನ್ನೊಂದು ಬಂದಾಗಿನಿಂದ ಇಡೀ ಸೀಸನ್ ಆಡಿದ್ದೂ ಹಾಗೆಯೇ. ಆದರೆ ಮೊದಲ ಚೆಂಡಿನಿಂದಲೇ ನಾನು ನೆಟ್ಟಿನ ಮುಂದೆ ಹಾರಿ ಹೊಡೆಯುವುದನ್ನು ಆ ಇಬ್ಬರು ನೋಡಬೇಕಿತ್ತು. ಏಳು ಇರಬೇಕಾದಲ್ಲಿ ಹನ್ನೊಂದು ಬರೆದೆ, ಹನ್ನೊಂದರ ಜಾಗದಲ್ಲಿ ಏಳು. ಸಾರ್ ಸಹಿ ಹಾಕಿದರು.

ರೆಫರಿ ಚೀಟಿ ನೋಡಿ ಹನ್ನೊಂದನ್ನು ಹಿಂದಕ್ಕೆ ಕಳಿಸಿದಾಗ ಸಾರ್ ಬೆಂಚಿನಿಂದ ಅರ್ಧ ಎದ್ದರು. ರೆಫರಿ ಅವರ ಸಹಿಯ ಕಡೆ ಬೆರಳು ತೋರಿಸಿದ. ಕೂತುಕೊಂಡರು.

ಹದಿಮೂರು-ಹದಿಮೂರರವರೆಗೆ ಹೇಗೋ ನಡೆಯಿತು. ಆಗ ಚೀಟಿಯ ಪ್ರಕಾರ ಸರ್ವ್ ನನ್ನದು. ಆದರೆ ಇಡೀ ಸೀಸನ್ನಿನ ಅಭ್ಯಾಸ ನೋಡಿ, ಆ ಹಂತದಲ್ಲಿ ಚೆಂಡು ಹಿಡಿದು ಹಿಂದಕ್ಕೆ ಹೋಗುವವನು ಹನ್ನೊಂದು. ಅವನು ಹೋದ. ನಾನೂ ಮರೆತು ಮುಂದೆಯೇ ನಿಂತಿದ್ದೆ. ಅವನು ಸರ್ವ್ ಹೊಡೆದ, ಸೀಟಿ ಬಿತ್ತು. ಪಾಯಿಂಟ್ ಅವರಿಗೆ, ಸರ್ವ್ ಅವರಿಗೆ. ಇನ್ನೊಂದು ಚೆಂಡಿಗೆ ಎಲ್ಲ ಮುಗಿಯಿತು.

ನೆಟ್ ಬಿಚ್ಚುವಾಗ ಸಾರ್ ನನ್ನ ಪಕ್ಕಕ್ಕೆ ಬಂದರು. ಕೋಪ ಇರಲಿಲ್ಲ, ಗೊಂದಲ ಇತ್ತು.

"ಏಳು ಹಿಂದೆ ಅಂತ ತಾನೆ ಕಣೋ ನಾನಂದಿದ್ದು?"

ಹೌದು ಅನ್ನಬಹುದಿತ್ತು. ಒಂದು ಏಟು ಕೊಟ್ಟಿರುತ್ತಿದ್ದರು, ಅಷ್ಟೇ.

"ಇಲ್ಲ ಸಾರ್. ನೀವು ಮುಂದೆ ಅಂದ್ರಿ."

ನಾನು ಹಗ್ಗದ ಗಂಟು ಬಿಚ್ಚುತ್ತಲೇ ಇದ್ದೆ...

"ಹಾಗಾದ್ರೆ ನಂಗೆ ವಯಸ್ಸಾಯ್ತು," ಅಂದರು.

ಪ್ರಿನ್ಸಿಪಾಲರ ಕೋಣೆಯಲ್ಲೂ ಅದನ್ನೇ ಹೇಳಿದರು, ತಪ್ಪು ತಮ್ಮದೇ, ನೆನಪು ಕೈಕೊಟ್ಟಿತು ಎಂದು. ನಾನು ಅವರ ಪಕ್ಕದಲ್ಲಿ ಕಂಬದ ಹಾಗೆ ನಿಂತಿದ್ದೆ. ನನ್ನನ್ನು ಯಾರೂ ಏನೂ ಕೇಳಲಿಲ್ಲ. ಆ ಜೂನ್‌ನ ನೇಮಕದ ಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ. ಯೂನಿವರ್ಸಿಟಿ ತಂಡಕ್ಕೆ ನನ್ನನ್ನೂ ಆರಿಸಲಿಲ್ಲ, ಹನ್ನೊಂದನ್ನು ಆರಿಸಿದರು. ಸರಿಯಾಗಿಯೇ ಆಯಿತು ನನಗೆ.

ಒಂದೆರಡು ವರ್ಷದ ನಂತರ ಜಯನಗರ ಬಸ್ ನಿಲ್ದಾಣದಲ್ಲಿ ಯಾರೋ "ಏಳೂ" ಎಂದು ಕೂಗಿದರು. ಹಾಗೆ ಕರೆಯುವವರು ಲೋಕದಲ್ಲಿ ಒಬ್ಬರೇ. ನಾನು ತಿರುಗಲಿಲ್ಲ. ಯಾವ ಬಸ್ಸೆಂದೂ ನೋಡದೆ ಹತ್ತಿದೆ.

ಹೋದ ತಿಂಗಳು ನಮ್ಮ ಹಳೆಯ ತಂಡದ ವಾಟ್ಸಾಪ್ ಗುಂಪಿನಲ್ಲಿ ಅವರು ತೀರಿಕೊಂಡ ಸುದ್ದಿ ಬಂತು. ಈ ಸಲ ಹೇಳಿಯೇ ಬಿಡುತ್ತೇನೆಂದು ಸಿದ್ದಾಪುರದ ಮನೆ ಹುಡುಕಿಕೊಂಡು ಹೋದೆ. ಯಾರಿಗೆ ಹೇಳುವುದೋ, ಹೇಳಿ ಏನಾಗುವುದೋ... ಅವರ ಮಗಳು ಕಾಫಿ ಕೊಟ್ಟರು. ನಾನೇ ಆ ತಂಡದ ಕ್ಯಾಪ್ಟನ್ ಎಂದು ತಿಳಿದ ಮೇಲೆ ಎದುರಿಗೆ ಕೂತರು.

"ಅಣ್ಣ, ಆ ಮ್ಯಾಚ್ ಆದ್ಮೇಲೆ ಅಪ್ಪ ಯಾವ್ದಕ್ಕೂ ತಮ್ಮ ನೆನಪನ್ನ ನಂಬ್ತಿರ್ಲಿಲ್ಲ. ಬೀಗ ಹಾಕಿ ಬಂದು, ಹಾಕಿದ್ನಾ ಅಂತ ನನ್ನ ಕೇಳೋರು. ಮಾತ್ರೆ ನುಂಗಿ, ನುಂಗಿದ್ನಾ ಅಂತ ಕೇಳೋರು. ನೀವಿದ್ರಲ್ಲ ಆವತ್ತು... ನಿಜವಾಗ್ಲೂ ಅವ್ರೇ ತಪ್ಪು ಹೇಳಿದ್ರಾ?"

ಗೋಡೆಯ ಮೇಲೆ ಅವರ ಫೋಟೋ ಇತ್ತು. ಅದರಲ್ಲಿ ಕನ್ನಡಕ ಹಾಕಿದ್ದರು. ಕನ್ನಡಕದಲ್ಲಿ ಅವರನ್ನು ನಾನು ನೋಡಿದ್ದು ಅದೇ ಮೊದಲು.

"ಎಷ್ಟೋ ವರ್ಷ ಆಯ್ತಲ್ಲಮ್ಮ," ಅಂದೆ. "ನಂಗೂ ನೆನಪಿಲ್ಲ."

ನೆನಪಿಲ್ಲವಂತೆ! ಆ ಚೀಟಿಯ ಮೂಲೆ ಬೆವರಿಗೆ ಒದ್ದೆಯಾಗಿದ್ದದ್ದೂ ನೆನಪಿದೆ ನನಗೆ. ಥೂ, ನನ್ನ ಜನ್ಮಕ್ಕೆ.

ಇವತ್ತು ಸಂಜೆಯಾದರೂ ಆ ದೊಡ್ಡವರು ಬರಲಿಲ್ಲ. ಬೈಕುಗಳು ಓಡಾಡಿ ಗೆರೆ ಅಳಿಸಿಹೋಗಿದೆ, ಘಾಟು ಮಾತ್ರ ಉಳಿದಿದೆ. ಗೇಟಿನ ಹತ್ತಿರ ನಿಂತು, ಅಕ್ಕಪಕ್ಕ ಯಾರೂ ಇಲ್ಲವೆಂದು ನೋಡಿಕೊಂಡು, ಮೊದಲ ಸಲ ಬಾಯಿಬಿಟ್ಟು ಹೇಳಿದೆ.

ಸಾರ್, ನೀವು ಏಳು ಹಿಂದೆ ಅಂತಲೇ ಅಂದಿದ್ರಿ. ನಿಮಗೆ ಸರಿಯಾಗೇ ನೆನಪಿತ್ತು.