ಅಂಚೆ ಡಬ್ಬಿಗಳ ಕೆಳಗಿನ ರಟ್ಟಿನ ಪೆಟ್ಟಿಗೆ

ಟೋಕಿಯೋದ ಎಡೋಗಾವಾದಲ್ಲಿರುವ ನಮ್ಮ ಕಟ್ಟಡದಲ್ಲಿ ವರ್ಷಕ್ಕೊಬ್ಬರು ಮಹಡಿಯ ಜವಾಬ್ದಾರಿ ಹೊರಬೇಕು. ಸರದಿ ಬಂದರೆ ತಪ್ಪಿಸಿಕೊಳ್ಳುವಂತಿಲ್ಲ. ನನ್ನ ಸರದಿ ಬಂದ ವರ್ಷ ಯಾರ ಮುಖದಿಂದಲೂ ಮಾಸ್ಕ್ ಇಳಿದಿರಲಿಲ್ಲ, ಉಕ್ರೇನಿನ ಯುದ್ಧ ಚಳಿಗಾಲಕ್ಕೆ ಕಾಲಿಟ್ಟಿತ್ತು.

ನಮ್ಮ ಮಹಡಿಯಲ್ಲೇ ಒಬ್ಬಳು ಉಕ್ರೇನಿನವಳು, ಒಬ್ಬಳು ರಷ್ಯಾದವಳು. ಮಕ್ಕಳನ್ನು ಪಾರ್ಕಿಗೆ ಬಿಟ್ಟು ಒಂದೇ ಬೆಂಚಿನಲ್ಲಿ ಕೂರುತ್ತಿದ್ದವರು ಈಗ ಮಾತು ಬಿಟ್ಟಿದ್ದರು. ಉಕ್ರೇನಿನವಳ ತಮ್ಮ ಯುದ್ಧದಲ್ಲಿದ್ದ. ಅವನಿಗೂ ಅವನ ಜೊತೆಯವರಿಗೂ ಕಾಲುಚೀಲ, ಬ್ಯಾಂಡೇಜು ಹಾಕಿ ಎಂದು ಅವಳು ಕೆಳಗೆ ಅಂಚೆ ಡಬ್ಬಿಗಳ ಹತ್ತಿರ ರಟ್ಟಿನ ಪೆಟ್ಟಿಗೆಯೊಂದನ್ನು ಇಟ್ಟಿದ್ದಳು. ಊರಿಗೆ ಹೊರಟ ಪರಿಚಿತರೊಬ್ಬರು ಒಯ್ಯುವವರಿದ್ದರು. ಕೊರೊನಾ ಬಂದಾಗಿನಿಂದ ಯಾರೂ ಯಾರ ಬಾಗಿಲನ್ನೂ ತಟ್ಟುತ್ತಿರಲಿಲ್ಲ. ಕೊಡುವವರಿಗೆ ಅದೊಂದೇ ಜಾಗ.

ನಿವಾಸಿಗಳ ಸಂಘದ ವಯಸ್ಸಾದ ಅಧ್ಯಕ್ಷರು ಲಿಫ್ಟಿನ ಬಳಿ ನನಗೆ ಮೂರು ಸಲ ಸುಮಿಮಾಸೆನ್, ಕ್ಷಮಿಸಿ ಎಂದರು. "ಹೊರಗಿನ ಯುದ್ಧ ನಮ್ಮ ಗೇಟಿನೊಳಗೆ ಬರಬಾರದು. ಪೆಟ್ಟಿಗೆ ತೆಗೆಸಬೇಕು. ನೀವು ಇಂಡಿಯಾದವರು, ಯಾರ ಕಡೆಯವರೂ ಅಲ್ಲ. ನೀವು ಹೇಳಿದರೆ ಯಾರಿಗೂ ಬೇಜಾರಾಗಲ್ಲ."

"ನಿಂಗ್ಯಾಕೆ ಊರ ಉಸಾಬರಿ? ಅವ್ರೇ ಹೇಳ್ಕೊಳ್ಲಿ ಬಿಡು," ಎಂದರು ನನ್ನ ಯಜಮಾನರು. ಕೇಳಬೇಕಿತ್ತು. ಆದರೆ ಎರಡೂ ಕಡೆಯವರು ನಂಬುವವಳು ನಾನೊಬ್ಬಳೇ ಎಂದು ನನಗೆ ಕೊಂಬು ಬಂದಿತ್ತು.

"ರೂಲ್ಸ್ ಎಲ್ರಿಗೂ ಒಂದೇ, ತಪ್ಪು ತಿಳ್ಕೋಬೇಡ," ಎಂದೆ ಉಕ್ರೇನಿನವಳಿಗೆ.

"ಇನ್ನು ಹತ್ತೇ ದಿನ," ಎಂದಳು. "ಹಿಮದಲ್ಲಿ ನಿಂತು ಅವನ ಕಾಲು ಮರಗಟ್ಟಿ ಹೋಗ್ತಿದೆ."

ನಾನೇ ಪೆಟ್ಟಿಗೆ ಎತ್ತಿ ಅವಳ ಕೈಗಿತ್ತೆ. ಮೇಲೇ ಇಟ್ಟಿಗೆ ಬಣ್ಣದ ಒಂದು ಜೊತೆ ಕೈಹೆಣಿಗೆಯ ಕಾಲುಚೀಲವಿತ್ತು. ಆ ಉಣ್ಣೆ ನನಗೆ ಗೊತ್ತು. ರಷ್ಯಾದವಳು ಪಾರ್ಕಿನಲ್ಲಿ ಒಬ್ಬಳೇ ಕೂತು ಅದನ್ನು ಹೆಣೆಯುತ್ತಿದ್ದುದನ್ನು ದಿನಾ ನೋಡಿದ್ದೆ. ನಾಲಿಗೆ ತುದಿಗೆ ಬಂದ ಮಾತನ್ನು ನುಂಗಿಕೊಂಡೆ. ಹೇಳಿದರೆ ಒಬ್ಬರ ಪರ ವಹಿಸಿದಂತಾಗುತ್ತದಲ್ಲ!

ಆಮೇಲೆ ಉಕ್ರೇನಿನವಳ ಬಾಗಿಲಿಗೆ ಯಾರೂ ಏನನ್ನೂ ತರಲಿಲ್ಲ. ಪರಿಚಿತರು ಹೊರಡುವ ಮೊದಲೇ ಅವಳ ತಮ್ಮ ಸತ್ತ ಸುದ್ದಿ ಬಂತು. ತಾಯಿಯ ಬಳಿ ಹೋಗಲು ಅವಳು ಮನೆ ಖಾಲಿ ಮಾಡಿದಳು. ಹಸಿಕಸ ಒಯ್ಯುವ ದಿನ ಬೆಳಿಗ್ಗೆ ಆ ಪೆಟ್ಟಿಗೆ ಕಾಗೆ ಕೆದಕದಂತೆ ಕಸಕ್ಕೆ ಹೊದಿಸುವ ಬಲೆಯಡಿ ಇತ್ತು, ಇಟ್ಟಿಗೆ ಬಣ್ಣದ ಜೊತೆಯೂ ಅದರಲ್ಲೇ. ಯಾರು ಹೆಣೆದದ್ದೆಂದು ತಿಳಿಯದೆಯೇ ಹೊರಟುಹೋದಳು.

ಮುಂದಿನ ವಾರ ಪಾರ್ಕಿನಲ್ಲಿ ರಷ್ಯಾದವಳು ನನ್ನ ಬೆಂಚಿಗೆ ಬಂದು ಕೂತಳು. ಕೈಯಲ್ಲಿ ಅದೇ ಬಣ್ಣದ ಇನ್ನೊಂದು ಜೊತೆ ಅರ್ಧ ಮುಗಿದಿತ್ತು.

"ಆ ಪೆಟ್ಟಿಗೆ ಅವರ ಊರು ಮುಟ್ತಾ?" ಎಂದು ಕೇಳಿದಳು.

ನಾನು ಸುಮ್ಮನೆ ಕೂತೆ. ಅಷ್ಟು ಹೊತ್ತಿಗೆ ಅದು ನನಗೆ ಚೆನ್ನಾಗಿ ರೂಢಿಯಾಗಿತ್ತು.