ಪಾಸಾದ ರಕ್ತ

ಐಗಳಿಯ ಪಶು ದವಾಖಾನೆಯ ಕಂಪೌಂಡರ್ ಮಲಕಾರಿ ಒಳ್ಳೆಯ ಸುದ್ದಿ ಕೇಳಿ ತಲೆ ಚಚ್ಚಿಕೊಂಡದ್ದು ನೌಕರಿಯಲ್ಲಿ ಅದೊಂದೇ ಸಲ. 1991ರ ಬೇಸಿಗೆ. ದನಗಳ ದೊಡ್ಡರೋಗಕ್ಕೆ ಹಾಕಿದ ಲಸಿಕೆ ಹತ್ತಿದೆಯೋ ಇಲ್ಲವೋ ನೋಡಲು ಊರಿನ ಇಪ್ಪತ್ತು ಎಳೆಯ ದನಗಳ ರಕ್ತ ಪರೀಕ್ಷೆಗೆ ಹೋಗಿತ್ತು. ಇಪ್ಪತ್ತರಲ್ಲೂ ರೋಗ ತಡೆಯುವ ಶಕ್ತಿ ಭರ್ತಿ ಇದೆ, ಇನ್ನೊಮ್ಮೆ ಲಸಿಕೆ ಬೇಕಿಲ್ಲ ಎಂದು ಕಾಗದ ಬಂತು.

ಭರ್ತಿಯಂತೆ, ಭರ್ತಿ! ಲಸಿಕೆ ತಂದ ದಿನ ಜೀಪು ದಾರಿಯಲ್ಲೇ ಕೆಟ್ಟು, ಥರ್ಮಾಸಿನೊಳಗಿನ ಬರ್ಫವೆಲ್ಲ ನೀರಾದದ್ದನ್ನು ಅವನು ಕಣ್ಣಾರೆ ಕಂಡಿದ್ದ. ಬಿಸಿಲಿಗೆ ಕೆಟ್ಟ ಲಸಿಕೆ ಚುಚ್ಚುವುದು ಬೇಡವೆಂದು ಡಾಕ್ಟರರ ಮುಂದೆ ಗೋಗರೆದಿದ್ದ. ರಕ್ತವೇ ಹೇಳುತ್ತದೆ, ಸುಮ್ಮನಿರು ಎಂದು ಅವರು ಬಾಯಿ ಮುಚ್ಚಿಸಿದ್ದರು. ಎಂಟು ವರ್ಷದ ಹಿಂದೆ ಇದೇ ರೋಗ ಅವನಪ್ಪನ ಹಟ್ಟಿಯ ಹನ್ನೊಂದು ದನಗಳನ್ನು ಒಂದೇ ವಾರದಲ್ಲಿ ಮಲಗಿಸಿತ್ತು. ಊರಿನ ಕರುಗಳಿಗೆ ಮತ್ತೆ ಅದೇ ಗತಿ ಬಂದೀತೆಂದು ಅವನಿಗೆ ಊಟ ಸೇರುತ್ತಿರಲಿಲ್ಲ.

ಪೇಟೆಯ ಸಾಹೇಬರು ಬಂದು ರಕ್ತ ತೆಗೆದ ದಿನ ಅವನು ಕೊಕಟನೂರಿನಲ್ಲಿ ಎಮ್ಮೆಯೊಂದರ ಹೆರಿಗೆಗೆ ಹೋಗಿದ್ದ. ಅಂದು ಏನು ನಡೆಯಿತೆಂದು ಹೇಳಿದವಳು ನಾಲ್ಕು ದನ ಸಾಕಿಕೊಂಡಿದ್ದ ಮುದುಕಿ ಸಕ್ಕುಬಾಯಿ. ಅದೂ ಹೆಮ್ಮೆಯಿಂದ.

"ಪ್ಯಾಟಿ ಸಾಹೇಬ್ರ ಮುಂದ ಊರ ಮಾನ ಹೋಗಬಾರದಲ್ರಿ. ದೊಡ್ಡರೋಗ ಬಂದು ಉಳದ ಆಕಳಾನ ಹುಡುಕಿ ನಿಲ್ಲಿಸೀವಿ. ಗಟ್ಟಿ ರಕ್ತ ನೋಡ್ರಿ, ಒಂದೂ ಫೇಲ್ ಆಗಲಿಲ್ಲ."

ಮಲಕಾರಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಶಾಲೆಗೆ ಇನ್‌ಸ್ಪೆಕ್ಟರ್ ಬಂದಾಗ ಜಾಣ ಹುಡುಗರನ್ನು ಮುಂದೆ ಕೂಡಿಸುವ ಹಾಗೆ ಇವರು ಮುದಿ ದನಗಳನ್ನು ಮುಂದೆ ಮಾಡಿದ್ದರು. ಒಮ್ಮೆ ರೋಗ ಗೆದ್ದ ದನದ ರಕ್ತದಲ್ಲಿ ಆ ಶಕ್ತಿ ಸಾಯುವತನಕ ಇರುತ್ತದೆ. ಲಸಿಕೆಗೂ ಅದಕ್ಕೂ ಏನು ಸಂಬಂಧ? ಬಂದ ಪುಣ್ಯಾತ್ಮರಾದರೂ ಒಂದರ ಬಾಯಿ ತೆರೆದು ಹಲ್ಲು ನೋಡಿ ವಯಸ್ಸು ತಿಳಿಯಬಾರದಿತ್ತೇ? ಊರವರು ಎರಡು ವರ್ಷ ಎಂದರು, ಇವರು ಬರೆದುಕೊಂಡು ಹೋದರು.

ಡಾಕ್ಟರರ ಹತ್ತಿರ ಓಡಿದ. ಪಾಸಾದ ಊರನ್ನು ಮತ್ತೆ ಯಾಕೆ ಕೆದಕುತ್ತೀ ಎಂದು ಅವರು ರೇಗಿದರು. ಮೂರು ದಿನ ಬಾಗಿಲು ಕಾದ ಮೇಲೆ, ಪೀಡೆ ತೊಲಗಲಿ ಎಂದು ರಕ್ತ ತುಂಬುವ ಆರು ಖಾಲಿ ಬಾಟಲಿ ಕೊಟ್ಟರು.

ಮಲಕಾರಿ ನೇರವಾಗಿ ಸಕ್ಕುಬಾಯಿಯ ಅಂಗಳಕ್ಕೆ ಬಂದು ವರ್ಷದ ಹೋರಿಗರುವನ್ನು ತೋರಿಸಿದ. ಮುದುಕಿ ಅದರ ಕೊರಳು ತಬ್ಬಿ ಅಡ್ಡ ನಿಂತಳು.

"ಇದರ ರಕ್ತದಾಗ ಏನೂ ಇರಂಗಿಲ್ರಿ. ಫೇಲ್ ಆಗತೈತಿ."

"ಫೇಲ್ ಆಗ್ಲಿ ಅಂತನ ಬಂದೀನಿ, ಯವ್ವಾ. ಫೇಲ್ ಆದ್ರನ ಲಸಿಕಿ ಬರತೈತಿ. ಪಾಸ್ ಅಂತ ಬರದರ ಇದು ಸಾಯತೈತಿ."

ಸಕ್ಕುಬಾಯಿ ತಬ್ಬಿದ್ದ ಕೈ ಸಡಿಲಿಸಿದಳು. ಆಮೇಲೆ ತಾನೇ ಕರುವಿನ ಕೊರಳನ್ನು ಅವನ ಕಡೆ ಹೊರಳಿಸಿ ಹಿಡಿದಳು.