ಗೋಡೆಗೆ ಒರಗಿಸಿದ ಏಣಿ

ನಮ್ಮ ಬಡಾವಣೆಯ ಹಿಂದಿನ ಸಣ್ಣ ಗೇಟಿಗೆ ಇಟ್ಟಿಗೆ ಕಟ್ಟಿ ಮುಚ್ಚಿದ್ದು ಒಂದು ಭಾನುವಾರ. ಚೀಲ ಹಿಡಿದುಕೊಂಡು ತರಕಾರಿಗೆಂದು ಹೊರಟಿದ್ದ ನಮ್ಮತ್ತೆ ಹೋದಷ್ಟೇ ಬೇಗ ವಾಪಸ್ ಬಂದರು. ಖಾಲಿ ಚೀಲವನ್ನು ಊಟದ ಮೇಜಿನ ಮೇಲೆ ಎಸೆದು, "ಗ್ವಾಡೆ ಎಬ್ಬುಸ್ತಾವ್ರೆ ಕಣಮ್ಮ" ಅಂದರು.

"ಯಾವ ಗೋಡೆ?"

"ಯಾವ್ದು ಅಂದ್ರೆ? ನಾವು ಓಡಾಡೋ ದಾರಿಗೆ. ಆಗ್ಲೇ ಸೊಂಟದ ಗಂಟ ಬಂದದೆ. ಒಲೆ ಆರ್ಸಿ ಬಾ, ನೋಡು."

ಆ ಗೇಟು ನಮಗೆ ಏನಾಗಿತ್ತು ಅನ್ನುವುದನ್ನು ಮೊದಲು ಹೇಳಬೇಕು. ನಮ್ಮದು ಮಂಡ್ಯದ ಅಂಚಿನಲ್ಲಿ, ನಾಲೆಯ ಪಕ್ಕ ಎದ್ದಿರುವ ಹೊಸ ಬಡಾವಣೆ. ನಾನು ಮದ್ದೂರಿನ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ, ರೈಲಿನಲ್ಲಿ ಓಡಾಟ. ನನ್ನ ಗಂಡನ ಕೆಲಸ ಮಳವಳ್ಳಿಯಲ್ಲಿ, ಅವರಿಗೆ ಬಸ್ಸು. ಮನೆ ಕೊಳ್ಳುವ ಮಾತು ಬಂದಾಗ ನೆಂಟರೆಲ್ಲ ಬೆಂಗಳೂರು ಅಂದರು, ಇಲ್ಲವೇ ಮೈಸೂರು ಅಂದರು. ಮಂಡ್ಯ ಅಂತ ಒಬ್ಬರೂ ಅನ್ನಲಿಲ್ಲ. ನಡುವೆ ಇಳಿದು ಕಾಫಿ ಕುಡಿಯುವುದಕ್ಕೆ ಇರುವ ಊರು ಅನ್ನುವ ಹಾಗೆ ಮಾತಾಡಿದರು. ನಾವು ಹಟ ಹಿಡಿದು ಇಲ್ಲಿಗೇ ಬಂದೆವು.

ಬಡಾವಣೆಯವರು ಅಚ್ಚು ಹಾಕಿಸಿದ ಬಣ್ಣದ ಹಾಳೆಯಲ್ಲಿ ಮುಂದಿನ ಕಮಾನಿನ ಫೋಟೊ ಇತ್ತು, ಕಾವಲುಗಾರನ ಕೋಣೆ ಇತ್ತು, ಇನ್ನೂ ತೋಡದೇ ಇರುವ ಈಜುಕೊಳವೂ ಇತ್ತು. ಹಿಂದಿನ ಗೇಟಿನ ಚಿತ್ರ ಮಾತ್ರ ಇರಲಿಲ್ಲ. ನಾನು ಮನೆ ಒಪ್ಪಿದ್ದೇ ಆ ಗೇಟನ್ನು ನೋಡಿ. ಅದರಿಂದ ಆಚೆ ಹೋದರೆ ಹೊಂಗೆ ಮರಗಳ ಕೆಳಗೆ ನಾಲೆಯ ಏರಿ. ಏರಿ ದಾಟಿದರೆ ಒಂದು ಹಳೆಯ ಬೀದಿ. ಒಂದು ಕಾಲಕ್ಕೆ ಅದು ಬೇರೆ ಊರೇ ಆಗಿತ್ತಂತೆ, ಮಂಡ್ಯ ಬೆಳೆದೂ ಬೆಳೆದೂ ಅದನ್ನು ನುಂಗಿತು. ಹಿಟ್ಟಿನ ಗಿರಣಿ, ದಿನಸಿ ಅಂಗಡಿ, ಒಂದು ಮಾರಿಗುಡಿ, ಒಂದು ಮಸೀದಿ. ಬೀದಿ ಮುಗಿಯುವಲ್ಲಿಂದ ರೈಲ್ವೆ ಸ್ಟೇಷನ್ನಿಗೆ ನಡೆದೇ ಹೋಗಬಹುದು. ನಡೆದು ಕೆಲಸಕ್ಕೆ ಹೋಗುವ ಸುಖ ಯಾವ ಮಹಾನಗರದಲ್ಲಿ ಸಿಗುತ್ತದೆ ಹೇಳಿ?

ಅತ್ತೆ ಮಳವಳ್ಳಿ ಕಡೆಯ ಹಳ್ಳಿಯವರು. ಮಾವ ತೀರಿಕೊಂಡ ಮೇಲೆ ನಮ್ಮ ಜೊತೆಗೆ ಬಂದರು. ಮೊದಮೊದಲು ಬಡಾವಣೆ ಕಂಡರೆ ಅವರಿಗೆ ಆಗುತ್ತಿರಲಿಲ್ಲ. "ಇದೇನು ಆಸ್ಪತ್ರೆಯಾ? ಎಲ್ರೂ ಬಾಗ್ಲು ಆಕ್ಕೊಂಡು ಮನೀಕೊಂಡವ್ರೆ" ಅನ್ನುತ್ತಿದ್ದರು. ಆಮೇಲೆ ಅವರಿಗೆ ಆ ಗೇಟು ಸಿಕ್ಕಿತು. ಅದರಾಚೆ ಟೈಲರ್ ಹೆಂಗಸು ಸಿಕ್ಕಳು. ಅವಳು ನನ್ನ ವಯಸ್ಸಿನವಳು. ಜಗಲಿಯ ಮೇಲೇ ಮಿಷನ್ ಇಟ್ಟುಕೊಂಡು ರವಿಕೆ ಹೊಲಿಯುವವಳು. ಅವಳ ಗಂಡ ಗ್ಯಾರೇಜಿನಲ್ಲಿ ವೆಲ್ಡಿಂಗ್ ಮಾಡುತ್ತಾನೆ. ತಿಂಡಿ ಮುಗಿಸಿದ ಮೇಲೆ ಅತ್ತೆ ಅಲ್ಲಿಗೆ ಹೋಗಿ ಕುಳಿತರೆ ಊಟದ ಹೊತ್ತಿಗೇ ಬರುತ್ತಿದ್ದದ್ದು. ರವಿಕೆಗಳಿಗೆ ಕೊಕ್ಕೆ ಹೊಲಿದು ಕೊಡುತ್ತಿದ್ದರು, ಇಡೀ ಬೀದಿಯ ಸುದ್ದಿ ಹೊತ್ತು ತರುತ್ತಿದ್ದರು. ಅವಳು ಅತ್ತೆಯನ್ನು 'ಅವ್ವ' ಅಂತಲೇ ಕರೆಯುತ್ತಿದ್ದಳು.

ಗೋಡೆಗೆ ಕಾರಣ ಒಂದು ಸೈಕಲ್. ಬಡಾವಣೆಯ ಒಂದು ಮನೆಯ ಮುಂದಿನಿಂದ ಯಾರೋ ಅದನ್ನು ಕದ್ದರು. ವಾಟ್ಸಾಪ್ ಗುಂಪಿನಲ್ಲಿ ಅವತ್ತೇ 'ಹಿಂದಿನ ಬೀದಿಯವರು' ಅನ್ನುವ ಮಾತು ಶುರುವಾಯಿತು. ಯಾರೂ ಏನನ್ನೂ ನೋಡಿರಲಿಲ್ಲ, ಆದರೂ ಎಲ್ಲರಿಗೂ ಗೊತ್ತಿತ್ತು. ಆ ವಾರದ ನಿವಾಸಿಗಳ ಸಂಘದ ಸಭೆಗೆ ನನಗೆ ಹೋಗಲಾಗಲಿಲ್ಲ, ಕಾಲೇಜಿನಲ್ಲಿ ಪರೀಕ್ಷೆ ನಡೆಯುತ್ತಿತ್ತು. ನನ್ನ ಗಂಡ ಹೋಗಿದ್ದರು, ಬಂದವರು "ಏನೋ ಸೆಕ್ಯುರಿಟಿ ಬಗ್ಗೆ ಮಾತಾಡಿದರು" ಅಂದು ಸುಮ್ಮನಾದರು.

ಒಲೆ ಆರಿಸಿ ಗೋಡೆಯ ಹತ್ತಿರ ಹೋದೆ. ಸಂಘದ ಅಧ್ಯಕ್ಷರು ಕೈ ಕಟ್ಟಿಕೊಂಡು ನಿಂತಿದ್ದರು. ದೊಡ್ಡ ಹುದ್ದೆಯಿಂದ ನಿವೃತ್ತರಾಗಿ ಬಂದವರು, ಎತ್ತರದ ಆಳು, ಮಾತು ಮೆತ್ತಗೆ.

"ಇದನ್ನು ಯಾರನ್ನು ಕೇಳಿ ಕಟ್ಟಿಸುತ್ತಿದ್ದೀರಿ ಸಾರ್?"

"ಸಭೆಯಲ್ಲಿ ಎಲ್ಲರೂ ಒಪ್ಪಿದ್ದಾರೆ ಮೇಡಂ. ನಿಮ್ಮ ಯಜಮಾನರೂ ಇದ್ದರು. ಇದು ಗೇಟೆಡ್ ಬಡಾವಣೆ. ಸಿಕ್ಕಸಿಕ್ಕವರು ನುಗ್ಗುವ ಹಾಗಿದ್ದರೆ ಇಲ್ಲಿ ಯಾರು ವಾಸಕ್ಕೆ ಬರುತ್ತಾರೆ?"

"ನಾನು ಬಂದೆನಲ್ಲ. ಆ ದಾರಿ ಇದೆ ಅಂತಲೇ ಬಂದೆ."

"ನಿಮ್ಮೊಬ್ಬರಿಗೆ ಕಷ್ಟವಾಗುತ್ತೆ ಅಂತ ಎಲ್ಲರನ್ನೂ ಅಪಾಯಕ್ಕೆ ಒಡ್ಡೋಕಾಗುತ್ತಾ?"

ಅತ್ತೆ ಅಷ್ಟರಲ್ಲಿ ಮುಂದೆ ಬಂದಿದ್ದರು. "ಆ ಕಡೆ ಇರೋರು ಉಲಿಯಾ ಸಿರ್ತೆಯಾ? ನಾನು ದಿನಾ ಓಗಿ ಬತ್ತೀನಲ್ಲ, ನನ್ನೇನಾರ ತಿಂದವ್ರಾ?" ಅಂದರು. ಅಧ್ಯಕ್ಷರು ನಕ್ಕು, ಹಿರಿಯರ ಹತ್ತಿರ ವಾದ ಮಾಡುವುದಿಲ್ಲ ಅನ್ನುವಂತೆ ಕೈಮುಗಿದರು. ಹಾಗೆ ಕೈಮುಗಿದದ್ದು ನನ್ನನ್ನು ಬೈಗುಳಕ್ಕಿಂತ ಹೆಚ್ಚು ಉರಿಸಿತು. ಸಂಜೆಯೊಳಗೆ ಗೋಡೆ ನನ್ನ ತಲೆಗಿಂತ ಮೇಲೆ ಎದ್ದಿತ್ತು.

ಸೋಮವಾರ ಮುಂದಿನ ಕಮಾನಿನಿಂದ ಹೊರಟೆ. ಬೈಪಾಸಿನ ಪಕ್ಕದ ರಸ್ತೆಯಲ್ಲಿ ಕಾಲಿಡಲು ಜಾಗವಿಲ್ಲ. ಕಬ್ಬಿನ ಲಾರಿಗಳು ಮೈಗೆ ತಾಗುವ ಹಾಗೆ ಹೋಗುತ್ತವೆ. ರಸ್ತೆ ದಾಟಲು ನಿಂತೇ ನಿಂತೆ. ಸ್ಟೇಷನ್ ಮುಟ್ಟಿದಾಗ ರೈಲು ಹೊರಟುಹೋಗಿತ್ತು. ಮದ್ದೂರಿನ ತನಕ ಬಸ್ಸಿನಲ್ಲಿ ನಿಂತುಕೊಂಡು ಹೋದೆ. ಮೊದಲನೇ ಕ್ಲಾಸು ತಪ್ಪಿತು. ಇನ್ನು ಮೇಲೆ ಸ್ಕೂಟರ್ ತೆಗೆದುಕೊಂಡರಾಯಿತು ಅಂತ ಯಾರೋ ಹೇಳಿದರು. ತೆಗೆದುಕೊಳ್ಳಬಹುದಿತ್ತು. ನಾನು ತೆಗೆದುಕೊಳ್ಳುವುದಿಲ್ಲ ಅಂದೆ. ನಡೆಯುವ ದಾರಿಯನ್ನು ಕಿತ್ತುಕೊಂಡವರಿಗೆ ಅಷ್ಟು ಸುಲಭವಾಗಿ ಬಿಟ್ಟುಕೊಡುವ ಮನಸ್ಸಾಗಲಿಲ್ಲ.

ಸಂಜೆ ಮನೆಗೆ ಬಂದಾಗ ನನ್ನ ಗಂಡ ಮುಖ ಇಳಿಬಿಟ್ಟುಕೊಂಡು ಕುಳಿತಿದ್ದರು. ಎದುರಿಗೆ ಅತ್ತೆ. ಅವರ ಪಕ್ಕದಲ್ಲಿ ಹೊಸ ಬಿದಿರಿನ ಏಣಿ.

"ಅಮ್ಮ ಇದನ್ನ ನನ್ನ ಕೈಲೇ ಹೊರಿಸಿಕೊಂಡು ಬಂದರು. ನೋಡಿದವರು ಏನಂತಾರೆ?" ಅಂದರು ಗಂಡ.

"ಏನಾರ ಅನ್ಲಿ ಬುಡು. ಮೀಟಿಂಗಲ್ಲಿ ಬಾಯಿ ಮುಚ್ಕೊಂಡು ಬಂದೋನು ನೀನು, ಈಗ ಏಣಿ ಒರು" ಅಂದರು ಅತ್ತೆ. ಆಮೇಲೆ ನನ್ನ ಕಡೆ ತಿರುಗಿ, "ನಾನತ್ತಲ್ಲ ಕಣಮ್ಮ, ನಂಗೆ ಮಂಡಿ ನೋವು. ನೀನತ್ತು."

ನನಗೆ ನಗು ಬಂತು. ನಗು ನಿಂತ ಮೇಲೆ, ಯಾಕೆ ಹತ್ತಬಾರದು ಅನ್ನಿಸಿತು.

ಆ ಕಡೆ ಇಳಿಯುವುದು ಹೇಗೆ ಅನ್ನುವ ಪ್ರಶ್ನೆಯನ್ನು ಅತ್ತೆ ಫೋನಿನಲ್ಲೇ ಬಗೆಹರಿಸಿದ್ದರು. ಟೈಲರಮ್ಮನ ಗಂಡ ಗ್ಯಾರೇಜಿನ ಹಳೆ ಕಬ್ಬಿಣ ಸೇರಿಸಿ, ಬೆಸೆದು, ಕೈಹಿಡಿ ಇರುವ ಗಟ್ಟಿ ಮೆಟ್ಟಿಲನ್ನೇ ಮಾಡಿ ನಿಲ್ಲಿಸಿದ್ದ. ಮಂಗಳವಾರ ಬೆಳಿಗ್ಗೆ ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಬ್ಯಾಗನ್ನು ಹೆಗಲಿಗೆ ಅಡ್ಡ ಹಾಕಿಕೊಂಡು ಹತ್ತಿದೆ. ಗಂಡ ಏಣಿ ಹಿಡಿದುಕೊಂಡರು. ಗೋಡೆಯ ಮೇಲೆ ಒಂದು ಕಾಲು ಆ ಕಡೆ, ಒಂದು ಕಾಲು ಈ ಕಡೆ ಹಾಕಿ ಕುಳಿತಾಗ ನಿಜಕ್ಕೂ ಹೆದರಿಕೆಯಾಯಿತು. ಕೆಳಗಿನಿಂದ ಟೈಲರಮ್ಮ, "ನನ್ ಕೈ ಇಡ್ಕಳಿ ಮೇಡಮ್ಮ, ಕೆಳಕ್ಕೆ ನೋಡ್ಬ್ಯಾಡಿ" ಅಂತ ಕೈ ಚಾಚಿದಳು. ಇಳಿದೆ. ನಾಲೆಯಲ್ಲಿ ನೀರು ತುಂಬಿ ಹರಿಯುತ್ತಿತ್ತು. ಅವತ್ತು ರೈಲು ಸಿಕ್ಕಿತು.

ಮಧ್ಯಾಹ್ನದೊಳಗೆ ನಾನು ಗೋಡೆಯ ಮೇಲೆ ಕುಳಿತಿರುವ ಫೋಟೊ ವಾಟ್ಸಾಪ್ ಗುಂಪಿಗೆ ಬಂದಿತ್ತು. ಕೆಳಗೆ ಅಧ್ಯಕ್ಷರು, ಇಂಥ ವರ್ತನೆಯಿಂದ ಬಡಾವಣೆಯ ಘನತೆ ಹಾಳಾಗುತ್ತದೆ ಅಂತ ಬರೆದಿದ್ದರು. ನಾನು ಸ್ಟಾಫ್ ರೂಮಿನಲ್ಲಿ ಕುಳಿತು ಉತ್ತರ ಹಾಕಿದೆ. "ಫೋಟೊ ಚೆನ್ನಾಗಿ ಬಂದಿದೆ, ಧನ್ಯವಾದ. ನಾಳೆಯೂ ಹತ್ತುತ್ತೇನೆ. ಬೆಳಕು ನೋಡಿಕೊಂಡು ಇನ್ನೊಂದು ಪಕ್ಕದಿಂದ ತೆಗೆಯಿರಿ."

ಗೋಡೆಯ ಬುಡಕ್ಕೆ ಅತ್ತೆ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡರು. ಟೈಲರಮ್ಮ ಬಿಡುವಾದಾಗ ಆ ಕಡೆಯ ಮೆಟ್ಟಿಲು ಹತ್ತಿ ನಿಲ್ಲುತ್ತಿದ್ದಳು. ರವಿಕೆ, ಕೊಕ್ಕೆ, ದಾರ ಎಲ್ಲವೂ ಒಂದು ಚೀಲದಲ್ಲಿ ಹಗ್ಗ ಕಟ್ಟಿ ಇಳಿಯುತ್ತಿದ್ದವು, ಹತ್ತುತ್ತಿದ್ದವು. ಇಬ್ಬರೂ ಬೇಕೆಂದೇ ದನಿ ಎತ್ತರಿಸಿ ಮಾತಾಡುತ್ತಿದ್ದರು.

ಗೋಡೆ ಕಟ್ಟಿಸಿದವರು ಯೋಚಿಸದೇ ಇದ್ದ ಸಂಗತಿ ಇನ್ನೊಂದಿತ್ತು. ಬಡಾವಣೆಯ ಮನೆಗಳಲ್ಲಿ ಅಡುಗೆ ಮಾಡುವವರು, ಕಸ ಗುಡಿಸುವವರು, ಹೂವು ಹಾಕುವವಳು, ಇಸ್ತ್ರಿಯವನು ಎಲ್ಲರೂ ಬರುತ್ತಿದ್ದದ್ದು ಆ ಗೇಟಿನಿಂದಲೇ. ಈಗ ಅವರು ಹೆದ್ದಾರಿ ಸುತ್ತಿ ಬಂದು ಮುಂದಿನ ಕಮಾನಿನಲ್ಲಿ ಹೆಸರು ಬರೆಸಿ ಕಾಯಬೇಕಿತ್ತು. ಕೆಲವರು ತಡವಾಗಿ ಬರತೊಡಗಿದರು. ಕೆಲವರು ಬರುವುದನ್ನೇ ಬಿಟ್ಟರು. ನಮ್ಮ ಸಾಲಿನಲ್ಲಿ ಬೆಳಗಿನ ಹೊತ್ತು ಪಾತ್ರೆಗಳ ಸದ್ದಿನ ಜೊತೆಗೆ ಗಂಡ ಹೆಂಡತಿಯರ ಜಗಳದ ಸದ್ದೂ ಕೇಳಿಬರುತ್ತಿತ್ತು. ಆದರೂ ಯಾರೂ ಬಾಯಿ ಬಿಡಲಿಲ್ಲ.

ಬಾಯಿ ಬಿಟ್ಟವರು ಅಧ್ಯಕ್ಷರ ಹೆಂಡತಿ. ಅಲ್ಲಿಯವರೆಗೆ ನನ್ನ ಹತ್ತಿರ ಅವರು ಆಡಿದ್ದು ಎರಡು ಮೂರು ಮಾತಷ್ಟೇ. ಒಂದು ಸಂಜೆ ನಾನು ಏಣಿ ಇಳಿದು ಬಂದಾಗ ಅತ್ತೆಯ ಕುರ್ಚಿಯ ಪಕ್ಕದಲ್ಲಿ ನಿಂತಿದ್ದರು. ಕೈಯಲ್ಲಿ ರೇಷ್ಮೆಯ ರವಿಕೆ ಬಟ್ಟೆ.

"ನನ್ನ ತಂಗಿ ಮಗಳ ಮದುವೆ. ಟೈಲರಮ್ಮನಿಗೆ ಅಳತೆ ಕೊಡಬೇಕು. ಗೇಟಿದ್ದಾಗ ಅವಳೇ ಮನೆಗೆ ಬರುತ್ತಿದ್ದಳು. ಬೇರೆಯವರು ಹೊಲಿದರೆ ನನಗೆ ಕೂರುವುದೇ ಇಲ್ಲ" ಅಂದರು.

"ಅಳತೆ ರವಿಕೆ ಕೊಡಿ, ಚೀಲದಲ್ಲಿ ಕಳಿಸೋಣ" ಅಂದೆ.

"ಇಲ್ಲ, ನಾನೇ ಹೋಗ್ತೀನಿ."

ಅವರು ದಪ್ಪನೆಯ ಹೆಂಗಸು. ಏಣಿ ಕಿರುಗುಟ್ಟಿತು. ನಾನು ಬುಡ ಹಿಡಿದುಕೊಂಡೆ. ಅತ್ತೆ, "ವಸಿ ನಿಧಾನುಕ್ಕೆ... ಅಂಗೇ... ಇನ್ನೊಂದ್ ಮೆಟ್ಲು ಅದೆ" ಅಂತ ಹೇಳುತ್ತಲೇ ಇದ್ದರು. ಗೋಡೆಯ ಮೇಲೆ ಕುಳಿತು ಉಸಿರು ಬಿಟ್ಟವರು ಸುತ್ತಲೂ ನೋಡಿ, "ಅಯ್ಯೋ, ನಾಲೆ ಇಷ್ಟು ಹತ್ತಿರ ಇದೆಯಾ! ಇಲ್ಲಿಗೆ ಬಂದಾಗಿನಿಂದ ನಾನು ನೋಡೇ ಇಲ್ಲ" ಅಂದರು. ಇಷ್ಟು ದಿನ ಅಧ್ಯಕ್ಷರು ಅವರನ್ನು ಕಾರಿನಲ್ಲಿ ಕರೆದುಕೊಂಡು ಹೋಗಿ, ಕಾರಿನಲ್ಲೇ ಕರೆದುಕೊಂಡು ಬಂದಿದ್ದರಂತೆ.

ಆಗಲೇ ಅಧ್ಯಕ್ಷರು ವಾಕಿಂಗ್ ಮಾಡುತ್ತ ಆ ತಿರುವಿಗೆ ಬಂದರು. ಒಂದು ಕ್ಷಣ ಅವರಿಗೆ ಕಂಡದ್ದು ನಂಬಿಕೆಯಾಗಲಿಲ್ಲ ಅಂತ ಕಾಣುತ್ತದೆ.

"ಏನಿದು? ಇಳಿ ಕೆಳಗೆ."

"ಇಳೀತೀನಿ" ಅಂದರು ಅವರು ಗೋಡೆಯ ಮೇಲಿನಿಂದಲೇ. "ಆ ಕಡೆಗೆ."

ಇಳಿದೇಬಿಟ್ಟರು. ಅಧ್ಯಕ್ಷರು ನನ್ನನ್ನು ನೋಡಿದರು. ನಾನೂ ಅವರನ್ನು ನೋಡಿದೆ. ಗೋಡೆಯಾಚೆಯಿಂದ ಹೆಂಗಸರ ನಗು ಕೇಳಿಸುತ್ತಿತ್ತು.

ಮುಂದಿನ ಸಭೆಗೆ ಹೆಂಗಸರೇ ಹೆಚ್ಚಾಗಿ ಬಂದಿದ್ದರು. ಮನೆಯಿಂದಲೇ ಕಂಪನಿ ಕೆಲಸ ಮಾಡುವ ಒಬ್ಬ ಯುವಕ ಎದ್ದು, "ನಮ್ಮ ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ. ಯಾರು ಬೇಕಾದರೂ ಒಳಗೆ ಬರಬಹುದು ಅಂದರೆ ಭಯವಾಗುತ್ತೆ" ಅಂದ. ಅವನ ಭಯ ಸುಳ್ಳಲ್ಲ. ನಾನು ಎದ್ದು ನಿಂತೆ.

"ನನಗೂ ಭಯವಿದೆ. ಅದಕ್ಕೇ ನನ್ನ ಮನೆಗೆ ಬೀಗ ಹಾಕುತ್ತೇನೆ, ದಾರಿಗೆ ಹಾಕುವುದಿಲ್ಲ. ಬೆಂಗಳೂರಿನ ಹಾಗೆ ಬದುಕಬೇಕು ಅನ್ನಿಸಿದ್ದರೆ ನಾವೆಲ್ಲ ಬೆಂಗಳೂರಿಗೇ ಹೋಗುತ್ತಿದ್ದೆವು. ಇಲ್ಲಿಗೆ ಯಾಕೆ ಬಂದೆವು? ನಡೆದು ಸ್ಟೇಷನ್ನಿಗೆ ಹೋಗಬಹುದು, ಹಿಟ್ಟು ಬೀಸಿಸಬಹುದು, ಜಗಲಿಯಲ್ಲಿ ಕುಳಿತರೆ ಯಾರಾದರೂ ಹೆಸರು ಹಿಡಿದು ಮಾತಾಡಿಸುತ್ತಾರೆ ಅಂತ. ಈ ಬಡಾವಣೆಯಲ್ಲಿ ಒಳ್ಳೆಯದು ಅನ್ನುವುದು ಏನಾದರೂ ಇದ್ದರೆ ಅದು ಆ ಗೋಡೆಯ ಆಚೆ ಇದೆ. ಅದನ್ನು ನೀವು ಇಟ್ಟಿಗೆ ಹಾಕಿ ಮುಚ್ಚಿದ್ದೀರಿ. ತೆಗೆಯುವ ತನಕ ನಾನು ದಿನವೂ ಹತ್ತುತ್ತೇನೆ. ಏಣಿ ಕಿತ್ತರೆ ಇನ್ನೊಂದು ತರುತ್ತೇನೆ."

"ಬೀದಿ ದೀಪ ಹಾಕಿಸಿದರೆ ಭಯ ಕಡಿಮೆಯಾಗುತ್ತೆ" ಅಂತ ಹಿಂದಿನಿಂದ ಯಾರೋ ಅಂದರು. ಆ ಯುವಕ ಸ್ವಲ್ಪ ಯೋಚಿಸಿ, ದೀಪವಿದ್ದರೆ ತನಗೂ ಒಪ್ಪಿಗೆ ಅಂದ. ಗೋಡೆ ಒಡೆಯಲು ಒಪ್ಪುವವರು ಕೈ ಎತ್ತಿ ಅಂದಾಗ ಮೊದಲು ಎದ್ದ ಕೈ ಅಧ್ಯಕ್ಷರ ಹೆಂಡತಿಯದು. ಆಮೇಲೆ ಎಣಿಸುವ ಅಗತ್ಯ ಬೀಳಲಿಲ್ಲ. ನನ್ನ ಗಂಡನೂ ಎತ್ತಿದರು, ಅತ್ತೆ ಪಕ್ಕದಲ್ಲೇ ಕುಳಿತಿದ್ದರು ಅನ್ನುವುದು ಬೇರೆ ಮಾತು.

ಗೋಡೆ ಒಡೆದರು. ದೀಪ ಹಾಕಿಸಿದರು. ಬಾಗಿಲು ಬೇಕೇ ಬೇಕು ಅಂದವರಿಗಾಗಿ ಒಂದು ಬಾಗಿಲನ್ನೂ ಇಟ್ಟರು, ಬೀಗ ಹಾಕುವುದಕ್ಕೆ ನಾವು ಬಿಡಲಿಲ್ಲ. ಸೈಕಲ್ ಕದ್ದವರು ಯಾರು ಅಂತ ಇವತ್ತಿಗೂ ಗೊತ್ತಾಗಿಲ್ಲ.

ಎಲ್ಲವೂ ಮುಗಿಯಿತು ಅಂತ ನಾನು ಹೇಳಲಾರೆ. ಹಿಂದಿನ ಬೀದಿಯ ಮಕ್ಕಳು ಈಗ ಸಂಜೆ ನಮ್ಮ ಪಾರ್ಕಿಗೆ ಬಂದು ಜೋಕಾಲಿ ಆಡುತ್ತಾರೆ. ಅದನ್ನು ಕಂಡರೆ ಮುಖ ಗಂಟಿಕ್ಕುವವರು ಇದ್ದಾರೆ. ಹೊಸದಾಗಿ ಮನೆ ಕೊಂಡವರು ಯಾರಾದರೂ ಬಂದ ಕೂಡಲೇ ಆ ಬಾಗಿಲ ಮಾತು ತೆಗೆಯುತ್ತಾರೆ. ತೆಗೆಯಲಿ. ಈಗ ನಾನು ಒಂದು ಸಭೆಯನ್ನೂ ತಪ್ಪಿಸುವುದಿಲ್ಲ. ಬೇಕಾದರೆ ಕಾಲೇಜಿಗೆ ರಜೆ ಹಾಕುತ್ತೇನೆ, ಮೊದಲ ಸಾಲಿನಲ್ಲೇ ಹೋಗಿ ಕೂರುತ್ತೇನೆ.